ತಿಂಗಳ ಉಳಿತಾಯಕ್ಕೆ ತಕ್ಕ ಬಡ್ಡಿ: ಮಾಡಬೇಕಾದ್ದು, ಮಾಡಬಾರದ್ದು

ಸಂಬಳವಿರಲಿ, ಪಿಂಚಣಿಯಿರಲಿ, ಡೇರಿಯ ಹಾಲಿನ ಬಟವಾಡೆಯಿರಲಿ, ತಿಂಗಳು ತಿಂಗಳು ಒಂದಿಷ್ಟು ದುಡ್ಡು ಉಳಿಸುವವರೆಲ್ಲರಿಗೂ ಈ ಸೂಚನೆ.

2011ರ ಅಕ್ಟೋಬರ್‌ವರೆಗೆ ಉಳಿತಾಯ ಖಾತೆಯ ಬಡ್ಡಿಯನ್ನು ರಿಸರ್ವ್ ಬ್ಯಾಂಕೇ ನಿಗದಿ ಮಾಡುತ್ತಿತ್ತು. ಯಾವ ಬ್ಯಾಂಕಿಗೆ ಹೋದರೂ ದರ ಒಂದೇ. ಆ ತಿಂಗಳ 25ರಂದು ದರ ನಿಗದಿಯ ಅಧಿಕಾರ ಬ್ಯಾಂಕುಗಳ ಕೈಗೆ ಹೋಯಿತು. ಸ್ಟೇಟ್ ಬ್ಯಾಂಕ್ 2025ರ ಜೂನ್‌ನಲ್ಲಿ ತನ್ನ ದರವನ್ನು ಶೇ 2.5ಕ್ಕೆ ಇಳಿಸಿತು. ಅಂಚೆ ಕಚೇರಿಯ ಉಳಿತಾಯ ಖಾತೆ ಶೇ 4ರಲ್ಲೇ ನಿಂತಿತು. ಅಂಚೆಯ ಐದು ವರ್ಷದ ಆರ್‌ಡಿಗೆ (ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ) 2023ರ ಅಕ್ಟೋಬರ್‌ನಿಂದ 2025ರ ಕೊನೆಯವರೆಗೂ ಶೇ 6.7. ದುಡ್ಡು ಒಂದೇ, ಇಡುವ ಜಾಗ ಬೇರೆಯಾದರೆ ಬಡ್ಡಿ ಎರಡೂವರೆ ಪಟ್ಟು. ಈ ಅಂತರವನ್ನು ಸುಮ್ಮನೆ ಬಿಟ್ಟುಕೊಡಬೇಡಿ.

ಮಾಡಬೇಕಾದ್ದು

ಉಳಿತಾಯ ಖಾತೆಯಲ್ಲಿ ಎರಡು ಮೂರು ತಿಂಗಳ ಮನೆಖರ್ಚಿಗೆ ಬೇಕಾದಷ್ಟು ಮಾತ್ರ ಇಡಿ. ಅದಕ್ಕಿಂತ ಹೆಚ್ಚಿನದನ್ನು ಅಲ್ಲಿಂದ ಎತ್ತಿ. ಶೇ 2.5ರ ಖಾತೆಯಲ್ಲಿ ಒಂದು ಲಕ್ಷ ಒಂದು ವರ್ಷ ಕೂತರೆ ಬರುವುದು 2,500 ರೂಪಾಯಿ. ಬೆಲೆ ಏರಿಕೆಯ ಮುಂದೆ ಅದು ಬಡ್ಡಿಯೆನ್ನುವ ಮಾತಿಗೂ ಸಾಲದು.

ಸಂಬಳ ಜಮೆಯಾದ ಮಾರನೆಯ ದಿನವೇ ಆರ್‌ಡಿ ಕಂತು ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಬರೆದುಕೊಡಿ. ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟುತ್ತೇನೆ ಎಂದುಕೊಂಡವರಿಗೆ ಉಳಿಯುವುದು ಅಪರೂಪ.

ಅಂಚೆ ಕಚೇರಿಯಲ್ಲಿ ಆರ್‌ಡಿ ತೆರೆಯುವ ತಾರೀಖನ್ನು ಯೋಚಿಸಿ ಆರಿಸಿ. 15ರೊಳಗೆ ತೆರೆದರೆ ಪ್ರತಿ ತಿಂಗಳ ಕಂತನ್ನೂ 15ರೊಳಗೇ ಕಟ್ಟಬೇಕು. 16ರಂದು ಅಥವಾ ಅದರ ನಂತರ ತೆರೆದರೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಅವಕಾಶವಿದೆ. ದುಡ್ಡು ಕೈಗೆ ಬರುವುದು ಯಾವ ವಾರ ಎಂಬುದನ್ನು ನೋಡಿಕೊಂಡು ಖಾತೆ ತೆರೆಯಿರಿ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿಯಂತೆ ದಂಡ. ನಾಲ್ಕು ಕಂತು ತಪ್ಪಿದರೆ ಖಾತೆಯೇ ನಿಲ್ಲುತ್ತದೆ. ಅದನ್ನು ಮತ್ತೆ ಚಾಲೂ ಮಾಡಿಸಲು ಎರಡೇ ತಿಂಗಳ ಗಡುವು.

ಅಂಚೆ ಉಳಿತಾಯ ಖಾತೆಗೆ ಹಾಕುವ ದುಡ್ಡನ್ನು 10ನೇ ತಾರೀಖಿನೊಳಗೆ ಹಾಕಿ, ತೆಗೆಯುವುದಿದ್ದರೆ ತಿಂಗಳು ಮುಗಿದ ಮೇಲೆ ತೆಗೆಯಿರಿ. ಬ್ಯಾಂಕುಗಳು 2010ರ ಏಪ್ರಿಲ್‌ನಿಂದ ದಿನದ ಶಿಲ್ಕಿನ ಮೇಲೆ ಬಡ್ಡಿ ಲೆಕ್ಕ ಹಾಕುತ್ತವೆ. ಅಂಚೆಯಲ್ಲಿ ಈಗಲೂ ಹಳೆಯ ಪದ್ಧತಿ: 10ರಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ. 50,000 ಇದ್ದ ಖಾತೆಯಿಂದ 28ರಂದು 40,000 ತೆಗೆದು ಒಂದನೇ ತಾರೀಖಿಗೆ ವಾಪಸ್ ಹಾಕಿದರೂ ಆ ತಿಂಗಳ ಬಡ್ಡಿ 10,000ಕ್ಕೆ ಮಾತ್ರ. 166 ರೂಪಾಯಿ ಬರಬೇಕಾದಲ್ಲಿ 33. ಆದ್ದರಿಂದ ಓಡಾಡುವ ದುಡ್ಡು ಬ್ಯಾಂಕಿನಲ್ಲಿರಲಿ, ಆಪತ್ತಿಗೆಂದು ಎತ್ತಿಟ್ಟದ್ದು ಅಂಚೆಯಲ್ಲಿರಲಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆಯೂ ಅದೇ ಕೌಂಟರಿನಲ್ಲಿ ಸಿಗುತ್ತದೆ, ಆದರೆ ಅದು ಬೇರೆ ಖಾತೆ. ಶೇ 4 ಸಿಗುವುದು ಅಂಚೆ ಇಲಾಖೆಯ ಉಳಿತಾಯ ಖಾತೆಗೆ. ಅರ್ಜಿಗೆ ಸಹಿ ಹಾಕುವ ಮುನ್ನ ಯಾವ ಖಾತೆಯೆಂದು ಕೇಳಿ.

ಅಡಿಕೆ, ಕಾಫಿ ಬೆಳೆಗಾರರು ಆರ್‌ಡಿ ನಮ್ಮಂಥವರಿಗಲ್ಲ ಎಂದುಕೊಳ್ಳಬೇಕಿಲ್ಲ. ವರ್ಷಕ್ಕೊಮ್ಮೆ ದುಡ್ಡು ಬರುವವರು ಅಂಚೆ ಆರ್‌ಡಿಗೆ ಹನ್ನೆರಡು ಕಂತು ಮುಂಗಡ ಕಟ್ಟಬಹುದು. ನೂರು ರೂಪಾಯಿಯ ಕಂತಿಗೆ 40 ರೂಪಾಯಿ ರಿಯಾಯಿತಿ ಸಿಗುತ್ತದೆ. ಆರು ಕಂತಾದರೆ 10 ರೂಪಾಯಿ. ತಿಂಗಳಿಗೆ ಸಾವಿರದ ಖಾತೆಗೆ ವರ್ಷದ 12,000 ಒಟ್ಟಿಗೆ ಕಟ್ಟಿದರೆ 400 ರೂಪಾಯಿ ಉಳಿಯಿತು. ಅದೇ ದುಡ್ಡನ್ನು ಶೇ 2.5ರ ಉಳಿತಾಯ ಖಾತೆಯಲ್ಲಿಟ್ಟುಕೊಂಡು ತಿಂಗಳಿಗೊಂದು ಕಂತು ಕಟ್ಟುತ್ತಾ ಹೋದರೆ ಇದರ ಅರ್ಧವೂ ಬಡ್ಡಿ ಬರುವುದಿಲ್ಲ. ಕೌಂಟರಿನವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ ಪಡೆಯಿರಿ.

ದರ ಬದಲಾದಾಗ ತಿಳಿದುಕೊಳ್ಳಿ. ಸಣ್ಣ ಉಳಿತಾಯದ ದರಗಳನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಆರ್‌ಡಿ ತೆರೆದ ದಿನದ ದರವೇ ಐದೂ ವರ್ಷ ನಡೆಯುತ್ತದೆ. ದರ ಇಳಿಯುವ ಸೂಚನೆ ಕಂಡರೆ ಖಾತೆ ತೆರೆಯುವುದನ್ನು ಮುಂದಿನ ತಿಂಗಳಿಗೆ ಮುಂದೂಡಬೇಡಿ.

ಮಾಡಬಾರದ್ದು

ಕೈಯಲ್ಲಿ ಇಡಿಗಂಟು ಇದ್ದರೆ ಅದನ್ನು ಆರ್‌ಡಿಗೆ ಹಾಕಬೇಡಿ. ಇಲ್ಲೇ ಹೆಚ್ಚಿನವರ ಲೆಕ್ಕ ತಪ್ಪುವುದು. ತಿಂಗಳಿಗೆ ಸಾವಿರದಂತೆ ಐದು ವರ್ಷ ಕಟ್ಟಿದರೆ 60,000. ಶೇ 6.7ರಂತೆ ವರ್ಷಕ್ಕೆ 4,020, ಐದು ವರ್ಷಕ್ಕೆ 20,100 ಬರಬೇಕಲ್ಲ ಎಂದು ಎಣಿಸಿಕೊಂಡವರ ಕೈಗೆ ಕೊನೆಗೆ ಸಿಗುವುದು ಸುಮಾರು 71,366, ಅಂದರೆ ಬಡ್ಡಿ 11,366. ಯಾರೂ ಮೋಸ ಮಾಡಿಲ್ಲ. ಮೊದಲ ಕಂತು ಅರವತ್ತು ತಿಂಗಳು ದುಡಿಯಿತು, ಕೊನೆಯ ಕಂತು ಒಂದೇ ತಿಂಗಳು. ಸರಾಸರಿ ನೋಡಿದರೆ ನಿಮ್ಮ ದುಡ್ಡು ಅಲ್ಲಿದ್ದದ್ದು ಎರಡೂವರೆ ವರ್ಷಕ್ಕೆ ತುಸು ಹೆಚ್ಚು. ತಿಂಗಳು ತಿಂಗಳು ಗಳಿಸಿ ಉಳಿಸುವವರಿಗೆ ಆರ್‌ಡಿ ಸರಿಯಾದ ಜಾಗ. ಗಂಟು ಈಗಾಗಲೇ ಕೈಯಲ್ಲಿದ್ದರೆ ಅದನ್ನು ಮೊದಲ ದಿನವೇ ಬ್ಯಾಂಕಿನ ನಿಶ್ಚಿತ ಠೇವಣಿಗೋ (ಎಫ್‌ಡಿ) ಅಂಚೆಯ ಟೈಮ್ ಡಿಪಾಸಿಟ್‌ಗೋ ಇಡಿ, ಪೂರ್ತಿ ಮೊತ್ತ ಪೂರ್ತಿ ಅವಧಿ ದುಡಿಯಲಿ.

ಅಂಚೆ ಆರ್‌ಡಿಯನ್ನು ಅವಧಿಗೆ ಮೊದಲು ಮುರಿಸಬೇಡಿ. ಮೂರು ವರ್ಷ ತುಂಬಿದ ಮೇಲೆ ಮುರಿಸಲು ಅವಕಾಶವೇನೋ ಇದೆ, ಆದರೆ ಐದು ವರ್ಷಕ್ಕೆ ಒಂದು ದಿನ ಮುಂಚೆ ಮುರಿಸಿದರೂ ಅಷ್ಟೂ ದುಡ್ಡಿಗೆ ಉಳಿತಾಯ ಖಾತೆಯ ಶೇ 4ರ ಲೆಕ್ಕ. ತುರ್ತಾಗಿ ಬೇಕಾದರೆ ಅದರ ಮೇಲೆ ಸಾಲ ತೆಗೆಯಿರಿ. ಹನ್ನೆರಡು ಕಂತು ಕಟ್ಟಿ ವರ್ಷ ತುಂಬಿದ್ದರೆ ಜಮೆಯ ಅರ್ಧದಷ್ಟು ಸಿಗುತ್ತದೆ. ಅದರ ಬಡ್ಡಿ ಆರ್‌ಡಿ ದರಕ್ಕಿಂತ ಶೇ 2 ಹೆಚ್ಚು. ಕೆಲವೇ ತಿಂಗಳ ಮುಗ್ಗಟ್ಟಿಗೆ ಅದು ಎಷ್ಟೋ ಅಗ್ಗ.

ಪಿಗ್ಮಿಯನ್ನು ಬಡ್ಡಿಯ ಆಸೆಗೆ ಕಟ್ಟಬೇಡಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಈ ಯೋಜನೆ, ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸಿ, ಬ್ಯಾಂಕಿನ ಮೆಟ್ಟಿಲು ಹತ್ತದಿದ್ದವರಿಗೂ ಉಳಿತಾಯ ಕಲಿಸಿತು. ಬೀಡಿ ಕಟ್ಟುವವರು, ಮೀನು ಮಾರುವವರು, ಗೂಡಂಗಡಿಯವರು ಇವತ್ತಿಗೂ ಅದನ್ನು ನಂಬಿದ್ದಾರೆ, ಆ ಶಿಸ್ತಿಗೆ ನನ್ನ ಪೂರ್ಣ ಗೌರವವಿದೆ. ಆದರೆ ಸಂಗ್ರಹಿಸುವವರ ಕಮಿಷನ್ ಆ ದುಡ್ಡಿನಿಂದಲೇ ಬರಬೇಕು, ಹಾಗಾಗಿ ಬಡ್ಡಿ ಕಡಿಮೆ. ದಿನದ ದುಡಿಮೆಯವರು ಪಿಗ್ಮಿ ಕಟ್ಟಲಿ. ಅವಧಿ ಮುಗಿದ ಕೂಡಲೇ ಗಂಟನ್ನು ಎಫ್‌ಡಿಗೆ ದಾಟಿಸಲಿ. ತಿಂಗಳ ಸಂಬಳದವರಿಗೆ ಪಿಗ್ಮಿ ಬೇಡವೇ ಬೇಡ.

ಫಲಕದ ಮೇಲಿನ ದೊಡ್ಡ ಅಂಕಿಯನ್ನು ನೋಡಿ ಖಾತೆ ತೆರೆಯಬೇಡಿ. ಒಂದು ಲಕ್ಷದವರೆಗಿನ ಶಿಲ್ಕಿಗೆ ಒಂದು ಬ್ಯಾಂಕಿನಲ್ಲಿ ಒಂದೇ ದರವಿರಬೇಕು, ಮೇಲ್ಪಟ್ಟದ್ದಕ್ಕೆ ಬೇರೆ ದರ ಇಡಬಹುದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕೆಲವು ಸಣ್ಣ ಹಣಕಾಸು ಬ್ಯಾಂಕುಗಳು ದೊಡ್ಡಕ್ಷರದಲ್ಲಿ ತೋರಿಸುವ ದರ ಹಲವು ಲಕ್ಷ ದಾಟಿದ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ನಿಮ್ಮ ಮೊತ್ತಕ್ಕೆ ಎಷ್ಟು ಎಂದು ಕೇಳಿ. ಕನಿಷ್ಠ ಶಿಲ್ಕಿನ ದಂಡ ಎಷ್ಟು ಎಂಬುದನ್ನೂ ಕೇಳಿ. ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಆ ದಂಡವನ್ನೇ ತೆಗೆದುಹಾಕಿದೆ. ದಂಡ ವಸೂಲು ಮಾಡುವ ಖಾತೆಯಲ್ಲಿ ವರ್ಷದ ಬಡ್ಡಿ ಒಂದೆರಡು ತಿಂಗಳಲ್ಲೇ ಕರಗಬಹುದು.

ತೆರಿಗೆಯನ್ನು ಮರೆಯಬೇಡಿ. ಮೂಲದಲ್ಲೇ ತೆರಿಗೆ (ಟಿಡಿಎಸ್) ಕಡಿತವಾಗದಿದ್ದರೂ ಬಡ್ಡಿ ನಿಮ್ಮ ಆದಾಯವೇ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಉಳಿತಾಯ ಖಾತೆಯ ಬಡ್ಡಿಗೆ 10,000ದವರೆಗೆ ವಿನಾಯಿತಿಯಿದೆ, ಆರ್‌ಡಿ ಮತ್ತು ಎಫ್‌ಡಿಗೆ ಅದು ಸಲ್ಲದು. ಅದೇ ಪದ್ಧತಿಯಲ್ಲಿರುವ ಹಿರಿಯ ನಾಗರಿಕರಿಗೆ ಎಲ್ಲ ಠೇವಣಿ ಸೇರಿ 50,000.

ಕೊನೆಯದು, ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದು: ಹೆಚ್ಚಿನ ಬಡ್ಡಿಗಾಗಿ ಅಸಲನ್ನು ಪಣಕ್ಕಿಡಬೇಡಿ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಸಿಗುವುದು ಅಸಲು, ಬಡ್ಡಿ, ಎಲ್ಲ ಶಾಖೆಗಳ ಖಾತೆ ಸೇರಿ 5 ಲಕ್ಷ. 2020ರ ಫೆಬ್ರುವರಿಗೆ ಮುಂಚೆ ಅದು ಒಂದೇ ಲಕ್ಷವಿತ್ತು. ಅದರ ಹಿಂದಿನ ತಿಂಗಳಷ್ಟೇ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು ತೆಗೆಯಬಹುದಾದ ಮೊತ್ತವನ್ನು 35,000ಕ್ಕೆ ಮಿತಿಗೊಳಿಸಿತ್ತು. ನಿವೃತ್ತಿಯ ದುಡ್ಡನ್ನೆಲ್ಲ ಒಂದೇ ಕಡೆ ಇಟ್ಟ ಹಿರಿಯರು ಅನುಭವಿಸಿದ ಸಂಕಟವನ್ನು ಮರೆಯುವಂತಿಲ್ಲ. ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಕೊಡುತ್ತವೆ ನಿಜ, ಆದರೆ ಅಲ್ಲಿಟ್ಟ ಠೇವಣಿಗೆ ಈ ವಿಮೆಯೇ ಇಲ್ಲ. ನಿಮ್ಮ ಠೇವಣಿ ಇರುವಲ್ಲಿಗೆ ಈ ವಾರವೇ ಹೋಗಿ ವಿಮೆ ಇದೆಯೇ ಎಂದು ಕೇಳಿ. ಇಲ್ಲ ಎಂದರೆ, ಅಥವಾ ಒಂದೇ ಬ್ಯಾಂಕಿನಲ್ಲಿ 5 ಲಕ್ಷ ದಾಟಿದ್ದರೆ, ಅವಧಿ ಮುಗಿದ ದಿನವೇ ದುಡ್ಡನ್ನು ಬೇರೆಡೆಗೆ ವರ್ಗಾಯಿಸಿ.