ಕರ್ನೆಲ್ ಮೆಮೊರಿಯ ರಿಗ್ರೆಷನ್ ಪರೀಕ್ಷೆ: ಲ್ಯಾಪ್‌ಟಾಪ್‌ನಲ್ಲೇ ಮಾಡುವ ಕ್ರಮ

ಕರ್ನೆಲ್‌ನಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗವನ್ನು ತಿದ್ದಿದಾಗ, ಹೊಸ ಕೋಡ್ ನಡೆಯುತ್ತದೆಯೇ ಎಂದು ನೋಡಿದರೆ ಸಾಲದು. ನಿನ್ನೆಯವರೆಗೆ ಸರಿಯಿದ್ದದ್ದು ಕೆಟ್ಟಿಲ್ಲ ಎಂಬುದೂ ಖಾತ್ರಿಯಾಗಬೇಕು. ಆ ಖಾತ್ರಿಯ ಕೆಲಸವೇ ರಿಗ್ರೆಷನ್ ಪರೀಕ್ಷೆ. ಮೆಮೊರಿಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಇಲ್ಲಿ ತಪ್ಪು ನಡೆಯುವುದು ಒಂದು ಕಡೆ, ಕಾಣಿಸಿಕೊಳ್ಳುವುದು ಮತ್ತೊಂದು ಕಡೆ. ಬಿಟ್ಟುಕೊಟ್ಟ ಪುಟದ ಮೇಲೆ ಯಾವುದೋ ಡ್ರೈವರ್ ಬರೆದರೆ, ಎಷ್ಟೋ ಹೊತ್ತಿನ ಮೇಲೆ ಸಂಬಂಧವೇ ಇಲ್ಲದ ಫೈಲ್ ಸಿಸ್ಟಮ್ ಕುಸಿಯಬಹುದು.

ಈ ಕೆಲಸಕ್ಕೆ ಕರ್ನಾಟಕದ ನಂಟು ಹಳೆಯದು. ಪ್ರೋಗ್ರಾಮ್‌ಗಳ ಗುಂಪಿಗೆ ಮೆಮೊರಿಯ ಮಿತಿ ಹಾಕುವ ಲಿನಕ್ಸ್‌ನ ಮೆಮೊರಿ ಕಂಟ್ರೋಲರ್ ಸೇರಿದ್ದು 2008ರ 2.6.25 ಆವೃತ್ತಿಗೆ, ಅದನ್ನು ಮುಂದೆ ನಿಂತು ರೂಪಿಸಿದವರು ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿದ್ದ ಬಲ್ಬೀರ್ ಸಿಂಗ್. ಇಂದಿನ ಡಾಕರ್ ಕಂಟೇನರ್‌ಗಳ ಮೆಮೊರಿ ಮಿತಿ ಅದನ್ನೇ ನೆಚ್ಚಿಕೊಂಡಿದೆ. 1980ರಲ್ಲಿ ಶುರುವಾದ ಭಟ್ಕಳದ ಅಂಜುಮನ್ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿರಲಿ, ಹೊನ್ನಾವರ, ಕುಮಟಾದ ಪದವಿ ವಿದ್ಯಾರ್ಥಿಗಳಿರಲಿ, ಇದರ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಿಲ್ಲ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು.

ಮೊದಲು ಲಿನಕ್ಸ್ ಮೂಲ ಕೋಡನ್ನು ಗಿಟ್ ಮೂಲಕ ಪೂರ್ತಿ ಇತಿಹಾಸದ ಸಮೇತ ಇಳಿಸಿಕೊಳ್ಳಬೇಕು. ಕೆಲವು ಜಿಬಿಗಳಷ್ಟು ಡೇಟಾ ಬೇಕಾಗುವುದರಿಂದ ಕಾಲೇಜಿನ ನೆಟ್‌ವರ್ಕ್‌ನಲ್ಲೇ ಇಳಿಸುವುದು ಮೇಲು. ಅರ್ಧ ಇತಿಹಾಸ ಇಳಿಸಿ ಡೇಟಾ ಉಳಿಸಿದರೆ ಮುಂದೆ ತಪ್ಪಿನ ಜಾಡು ಹಿಡಿಯುವಾಗ ಕೈಕಟ್ಟಿದಂತಾಗುತ್ತದೆ. ಪರೀಕ್ಷೆಯ ಕರ್ನೆಲನ್ನು ಸ್ವಂತ ಯಂತ್ರದ ಮೇಲೆ ನೇರವಾಗಿ ಬೂಟ್ ಮಾಡಬಾರದು. ಕ್ಯೂಎಮುನಂಥ ವರ್ಚುವಲ್ ಯಂತ್ರದೊಳಗೆ, 2ರಿಂದ 4 ಜಿಬಿ ಮೆಮೊರಿ ಕೊಟ್ಟು ಓಡಿಸಬೇಕು.

ಕರ್ನೆಲನ್ನು ಎರಡು ಬಗೆಯಲ್ಲಿ ಕಂಪೈಲ್ ಮಾಡಿಟ್ಟುಕೊಳ್ಳಬೇಕು. ಒಂದು ಸಾದಾ. ಇನ್ನೊಂದರಲ್ಲಿ ಕಾಸನ್ ಮತ್ತು ಕೆಮೆಮ್‌ಲೀಕ್ ಎಂಬ ಪತ್ತೆ ಸಾಧನಗಳು ಚಾಲೂ ಇರಬೇಕು. ಕಾಸನ್ ಪ್ರತಿ 8 ಬೈಟ್‌ಗೆ 1 ಬೈಟ್ ಲೆಕ್ಕ ಇಟ್ಟುಕೊಂಡು, ಬಿಟ್ಟುಕೊಟ್ಟ ಜಾಗವನ್ನು ಮುಟ್ಟಿದ ಕ್ಷಣವೇ ದೂರು ಬರೆಯುತ್ತದೆ. ಕೆಮೆಮ್‌ಲೀಕ್ ಮಾತ್ರ ಕಾದು ಹೇಳುತ್ತದೆ: ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಹುಡುಕಿ, ಯಾರೂ ಕೇಳದೆ ಬಿದ್ದಿರುವ ಮೆಮೊರಿಯನ್ನು ತೋರಿಸುತ್ತದೆ. ಈ ಸಾಧನಗಳು ವೇಗ ಇಳಿಸುವುದರಿಂದ ವೇಗದ ಅಳತೆಯನ್ನು ಸಾದಾ ಕರ್ನೆಲ್‌ನಲ್ಲಿ ಮಾತ್ರ ಮಾಡಬೇಕು.

ಆಮೇಲೆ ಬರುವುದೇ ಹೆಚ್ಚಿನವರು ಹಾರಿಸಿಬಿಡುವ ಹಂತ. ಹೊಸ ಕರ್ನೆಲ್ ಮುಟ್ಟುವ ಮೊದಲು, ತಿದ್ದುಪಡಿ ಇಲ್ಲದ ಹಳೆಯ ಕರ್ನೆಲ್‌ನಲ್ಲಿ ಎಲ್ಲ ಪರೀಕ್ಷೆಗಳನ್ನೂ ಓಡಿಸಿ ಫಲಿತಾಂಶ ಬರೆದಿಡಬೇಕು. ಅದಿಲ್ಲದೆ ಹೊಸದರಲ್ಲಿ ಕಂಡ ಸೋಲಿಗೆ ಅರ್ಥವೇ ಇಲ್ಲ. ಆ ಪರೀಕ್ಷೆ ಮೊದಲಿನಿಂದಲೂ ಸೋಲುತ್ತಿದ್ದಿರಬಹುದು.

ಪರೀಕ್ಷೆಗಳು ಕರ್ನೆಲ್ ಜೊತೆಯಲ್ಲೇ ಸೆಲ್ಫ್‌ಟೆಸ್ಟ್ಸ್ ಎಂಬ ಫೋಲ್ಡರಿನಲ್ಲಿ ಬರುತ್ತವೆ. ಮೆಮೊರಿಯವು ಅದರೊಳಗಿನ ಎಂಎಂ ಫೋಲ್ಡರಿನಲ್ಲಿ, ಮೆಮೊರಿ ಕಂಟ್ರೋಲರ್‌ನವು ಸಿಗ್ರೂಪ್ ಫೋಲ್ಡರಿನಲ್ಲಿ ಇವೆ. ಒಂದನ್ನು ಹತ್ತಿರದಿಂದ ನೋಡಬಹುದು. ಮೆಮೊರಿ ಮುಗಿದಾಗಿನ ನಡವಳಿಕೆಯ ಪರೀಕ್ಷೆ, ಒಂದು ಗುಂಪಿಗೆ 30 ಎಂಬಿ ಮಿತಿ ಹಾಕಿ, ಸ್ವಾಪ್ ಸೊನ್ನೆ ಮಾಡಿ, ಅದರೊಳಗಿನ ಪ್ರೋಗ್ರಾಮ್‌ನಿಂದ 100 ಎಂಬಿ ಬಳಸಲು ನೋಡುತ್ತದೆ. ಕರ್ನೆಲ್ ಆ ಪ್ರೋಗ್ರಾಮನ್ನು ಕೊಲ್ಲಬೇಕು. ಕೊಂದರಷ್ಟೇ ಸಾಲದು: ಮೆಮೊರಿ ಮುಗಿದದ್ದು ಒಂದು ಸಲ, ಕೊಂದದ್ದು ಒಂದು ಸಲ ಎಂದು ಎರಡೂ ಲೆಕ್ಕಗಳಲ್ಲಿ ಸರಿಯಾಗಿ 1 ಇರಬೇಕು. ಲೆಕ್ಕ 2 ಆದರೂ ಪರೀಕ್ಷೆ ಸೋತಂತೆ. ಒಳ್ಳೆಯ ರಿಗ್ರೆಷನ್ ಪರೀಕ್ಷೆ ಇಷ್ಟು ಕಟ್ಟುನಿಟ್ಟಾಗಿಯೇ ಇರಬೇಕು.

ಫಲಿತಾಂಶ ಓದುವಾಗ ಪಾಸ್, ಫೇಲ್, ಸ್ಕಿಪ್ ಮೂರನ್ನೂ ಬೇರೆಬೇರೆ ಎಣಿಸಬೇಕು. 2 ಎಂಬಿಯ ದೊಡ್ಡ ಪುಟಗಳನ್ನು ಮೊದಲೇ ಕಾದಿರಿಸದಿದ್ದರೆ ಅವುಗಳ ಪರೀಕ್ಷೆ ಸ್ಕಿಪ್ ಆಗುತ್ತದೆ. ಅದನ್ನು ಪಾಸ್ ಎಂದು ಓದಿಕೊಂಡರೆ ಇಡೀ ಶ್ರಮ ವ್ಯರ್ಥ. ಹಳೆಯದರಲ್ಲಿ ಪಾಸ್ ಆಗಿ ಹೊಸದರಲ್ಲಿ ಫೇಲ್ ಆದವನ್ನು ಮತ್ತೆ ಮತ್ತೆ ಓಡಿಸಿ, ಪ್ರತಿ ಸಲವೂ ಸೋಲುತ್ತವೆಯೇ ಎಂದು ನೋಡಬೇಕು.

ಸೋಲು ಖಚಿತವಾದರೆ ಗಿಟ್ ಬೈಸೆಕ್ಟ್ ಸರದಿ. ಸರಿಯಿದ್ದ ಆವೃತ್ತಿ, ಕೆಟ್ಟ ಆವೃತ್ತಿ ಎರಡನ್ನೂ ಹೇಳಿದರೆ ಅದು ನಡುವಿನದನ್ನು ಕೊಡುತ್ತದೆ. ಪ್ರತಿ ಸಲ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. 16 ಸಾವಿರ ಬದಲಾವಣೆಗಳಿದ್ದರೂ ಸುಮಾರು 14 ಸುತ್ತಿಗೆ ತಪ್ಪಿತಸ್ಥ ಬದಲಾವಣೆ ಸಿಗುತ್ತದೆ. ಒಂದೊಂದು ಸುತ್ತಿಗೂ ಕಂಪೈಲ್ ಆಗಬೇಕಾದ್ದರಿಂದ ಇದು ದಿನಗಟ್ಟಲೆ ಎಳೆಯಬಹುದು, ಮಳೆಗಾಲದ ಕರಾವಳಿಯಲ್ಲಿ ನಡುವೆ ಕರೆಂಟೂ ಹೋಗಬಹುದು. ಬೈಸೆಕ್ಟ್‌ನ ಸ್ಥಿತಿ ಡಿಸ್ಕಿನಲ್ಲೇ ಇರುವುದರಿಂದ ಬಿಟ್ಟಲ್ಲಿಂದ ಮುಂದುವರಿಸಲು ತೊಂದರೆಯಿಲ್ಲ. ಆದರೂ ಅದರ ಲಾಗನ್ನು ಆಗಾಗ ಬೇರೆ ಫೈಲಿನಲ್ಲಿ ಉಳಿಸಿಕೊಳ್ಳುವುದು ಕ್ಷೇಮ.

ಕೊನೆಯದು ವರದಿ. ಸರಿಯಿದ್ದ ಆವೃತ್ತಿ, ಕೆಟ್ಟ ಆವೃತ್ತಿ, ಬೈಸೆಕ್ಟ್ ತೋರಿಸಿದ ಬದಲಾವಣೆ, ಕಾನ್ಫಿಗ್ ಫೈಲ್, ಕರ್ನೆಲ್ ಲಾಗ್, ಇಷ್ಟನ್ನು ಸರಳ ಇಂಗ್ಲಿಷ್‌ನಲ್ಲಿ ಬರೆದು ಆ ಭಾಗದ ನಿರ್ವಾಹಕರಿಗೆ ಕಳಿಸಬೇಕು. ಯಾರಿಗೆ ಎಂಬುದನ್ನು ಕರ್ನೆಲ್‌ನ ಮೇಂಟೇನರ್ಸ್ ಫೈಲೇ ಹೇಳುತ್ತದೆ. ಸಾಧ್ಯವಿದ್ದವರು ಅದೇ ದೋಷವನ್ನು ಹಿಡಿಯುವ ಪುಟ್ಟ ಪರೀಕ್ಷೆಯೊಂದನ್ನೂ ಬರೆದು ಸೆಲ್ಫ್‌ಟೆಸ್ಟ್ಸ್‌ಗೆ ಸೇರಿಸಲು ಕಳಿಸಬೇಕು.