ದೇಹಕ್ಕೂ ಕಸರತ್ತು, ಬುದ್ಧಿಗೂ ಕಸರತ್ತು

'ಆಳಾಗಿ ದುಡಿ, ಅರಸನಾಗಿ ಉಣ್ಣು' ಎಂದರು ನಮ್ಮ ಹಿರಿಯರು. ಅಮೆರಿಕಕ್ಕೆ ಬಂದ ನಾವು ಈ ಗಾದೆಯ ಎರಡನೆಯ ಅರ್ಧವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ! ಮೊದಲರ್ಧದಲ್ಲಿ ಮಾತ್ರ ಬೆರಳು ಮತ್ತು ಕಣ್ಣುಗಳಷ್ಟೇ ದುಡಿಯುತ್ತಿವೆ. ಮನೆಯಿಂದ ಕಾರು, ಕಾರಿನಿಂದ ಕುರ್ಚಿ, ಕುರ್ಚಿಯಿಂದ ಸೋಫಾ – ಇದು ನಮ್ಮ ದಿನಚರಿ.

ಇದರ ಅಪಾಯ ನಮಗೇ ಹೆಚ್ಚು. ಭಾರತೀಯರಿಗೆ ಮಧುಮೇಹ ಕಡಿಮೆ ತೂಕದಲ್ಲೇ ಅಂಟಿಕೊಳ್ಳುತ್ತದೆ. ಆದ್ದರಿಂದಲೇ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲಿ, ಏಷ್ಯಾ ಮೂಲದವರ ತಪಾಸಣೆಗೆ ಬಿ.ಎಂ.ಐ. ಮಿತಿಯನ್ನು 25ರಿಂದ 23ಕ್ಕೆ ಇಳಿಸಿತು. ಐದು ಅಡಿ ಏಳು ಅಂಗುಲ ಎತ್ತರದವರಿಗೆ ಇದು ಸುಮಾರು 67 ಕಿಲೋ. ನಮ್ಮಲ್ಲಿ ಎಷ್ಟು ಜನ ಈ ಗೆರೆಯ ಕೆಳಗಿದ್ದೇವೆ?

ಡ್ರೈವರ್ ಮತ್ತು ಕಂಡಕ್ಟರ್

ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರನ್ನು ಕುರಿತು ಜೆರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಿನವಿಡೀ ಕುಳಿತಿರುವ ಡ್ರೈವರುಗಳಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಇತ್ತು. ಕೆಲಸ ಅದೇ ಬಸ್ಸಿನಲ್ಲಿ, ಹೃದಯದ ಗತಿ ಬೇರೆ. ನಾವೆಲ್ಲ ಈಗ ಡ್ರೈವರುಗಳೇ!

ಬುದ್ಧಿಗೆ ಹೊಸ ಮೇವು

'ದಿನವಿಡೀ ಪ್ರೋಗ್ರಾಂ ಬರೆಯುತ್ತೇವಲ್ಲ, ಬುದ್ಧಿಗೆ ಇನ್ನೇನು ವ್ಯಾಯಾಮ?' ಎನ್ನಬಹುದು. ಅಮೆರಿಕದಲ್ಲಿ 2,800ಕ್ಕೂ ಹೆಚ್ಚು ಹಿರಿಯರಿಗೆ ನೆನಪು, ತರ್ಕ, ಚುರುಕುತನ ಎಂಬ ಮೂರರಲ್ಲಿ ಒಂದೊಂದು ಗುಂಪಿಗೆ ಒಂದೊಂದರ ತರಬೇತಿ ಕೊಟ್ಟು ನೋಡಿದರು. 2002ರಲ್ಲಿ ಬಂದ ಫಲಿತಾಂಶದಂತೆ, ಯಾವುದನ್ನು ಕಲಿಸಿದರೋ ಅದಷ್ಟೇ ಸುಧಾರಿಸಿತ್ತು. ಅಂದರೆ, ಸುಡೊಕು ಒಂದನ್ನೇ ಬಿಡಿಸುತ್ತಿದ್ದರೆ ನಾವು ಸುಡೊಕುವಿನಲ್ಲಿ ಮಾತ್ರ ಜಾಣರಾಗುತ್ತೇವೆ. ಬುದ್ಧಿಗೆ ಬಗೆಬಗೆಯ ಕೆಲಸ ಬೇಕು.

ಎರಡೂ ಒಂದೇ ಗಾಡಿಯ ಎತ್ತುಗಳು

2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 120 ಮಂದಿ ಹಿರಿಯರಿದ್ದರು. ಅರ್ಧ ಜನ ವಾರಕ್ಕೆ ಮೂರು ದಿನ, 40 ನಿಮಿಷದವರೆಗೆ ನಡೆದರು. ಉಳಿದವರು ಮೈ ಸಡಿಲಿಸುವ ಹಗುರ ವ್ಯಾಯಾಮ ಮಾಡಿದರು. ಒಂದು ವರ್ಷದ ನಂತರ, ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ನಡೆದವರಲ್ಲಿ ಶೇಕಡಾ 2ರಷ್ಟು ಬೆಳೆದಿತ್ತು. ಉಳಿದವರಲ್ಲಿ ಶೇಕಡಾ 1.4ರಷ್ಟು ಕುಗ್ಗಿತ್ತು. ನಡೆದದ್ದು ಕಾಲು, ಬೆಳೆದದ್ದು ಮೆದುಳು! ಕಂಪ್ಯೂಟರಿನ ಹಾರ್ಡ್‌ವೇರ್ ಬಳಸಿದಂತೆ ಸವೆಯುತ್ತದೆ. ನಮ್ಮ ಹಾರ್ಡ್‌ವೇರ್ ಬಳಸದಿದ್ದರೆ ಸವೆಯುತ್ತದೆ.

ನಾವೇನು ಮಾಡಬಹುದು?

1. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ. ಇದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಗೆ ಹೊಂದುತ್ತದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು – ಅದೇ ಅಳತೆ. ಊರಿಗೆ ಫೋನ್ ಮಾಡುವುದನ್ನು ನಡೆಯುತ್ತಲೇ ಮಾಡೋಣ.

2. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಜಿಮ್ ಬೇಕಿಲ್ಲ, ಬಸ್ಕಿ, ದಂಡ ಸಾಕು. ಹೃದಯದ ತೊಂದರೆ, ಮಂಡಿನೋವು ಇದ್ದವರು ಮೊದಲು ವೈದ್ಯರನ್ನು ಕೇಳಬೇಕು.

3. ವರ್ಷಕ್ಕೊಂದು ಹೊಸ ವಿದ್ಯೆ. ಮಕ್ಕಳೊಡನೆ ಮೃದಂಗಕ್ಕೋ ಸ್ಪ್ಯಾನಿಷ್‌ಗೋ ನಾವೂ ಕೂರೋಣ. ವಾರಾಂತ್ಯ ಟಿ.ವಿ. ಆರಿಸಿ ಚೌಕಾಬಾರ, ಅಳಗುಳಿಮಣೆ ಹಾಸೋಣ. ಲೆಕ್ಕಾಚಾರವೂ ಆಯಿತು, ಕನ್ನಡವೂ ಆಯಿತು.

4. ಊರಿಂದ ಬಂದ ಅಪ್ಪ ಅಮ್ಮಂದಿರನ್ನು ಚಳಿಗಾಲದಲ್ಲಿ ನಾಲ್ಕು ಗೋಡೆಗಳ ನಡುವೆ ಕೂರಿಸುವುದು ಬೇಡ. ಹಿಮ ಬಿದ್ದರೆ ಮಾಲ್ ಒಳಗೇ ನಡೆಸೋಣ. ಮಕ್ಕಳಿಗೆ ಪಾಠ, ಕಥೆ ಹೇಳುವ ಹೊಣೆ ಅವರಿಗಿರಲಿ. ಜೊತೆಯಿಲ್ಲದ ಒಂಟಿತನವೂ ಮೆದುಳಿಗೆ ಒಳ್ಳೆಯದಲ್ಲ.

ನೊಂದವರಿಗೆ ನೆರವಾಗಲೆಂದು ನಾವು ಪ್ರತಿವರ್ಷ ಇಲ್ಲಿ ಸೇರುತ್ತೇವೆ. ಕೊಡುವ ಕೈ ಗಟ್ಟಿಯಾಗಿರಬೇಕು, ಯೋಚಿಸುವ ತಲೆ ಚುರುಕಾಗಿರಬೇಕು. ಇಂದು ಊಟವಾದ ಮೇಲೆ, ಕಾರು ಹತ್ತುವ ಮೊದಲು, ಮನೆಮಂದಿಯೆಲ್ಲ ಒಂದು ಸುತ್ತು ನಡೆದು ಶುಭಾರಂಭ ಮಾಡೋಣವೇ?