ಕೆಲಸಕ್ಕೆ ನಡೆದು ಹೋಗುವ ದಾರಿ

ರೋಮ್ ನಗರದಲ್ಲಿ ವೃದ್ಧರ ಆರೈಕೆ, ಮನೆಗೆಲಸ ಮಾಡಿ ದುಡಿಯುವ ಭಾರತದ ಕಥೋಲಿಕ ಹೆಣ್ಣುಮಕ್ಕಳಿದ್ದಾರೆ. ನೀವೋ ನಿಮ್ಮ ಮಗಳೋ ಅವರಲ್ಲಿ ಒಬ್ಬರಾದರೆ ಈ ಮಾತು ನಿಮಗೆ. ದಿನವೆಲ್ಲ ಬೇರೆಯವರ ಮನೆ, ಬೇರೆಯವರ ಭಾಷೆ. ರಾತ್ರಿ ಮಲಗುವುದು ಹಂಚಿಕೊಂಡ ಕೋಣೆಯಲ್ಲಿ. ಬೆಳಿಗ್ಗೆ ಕೆಲಸಕ್ಕೆ ನಡೆಯುವ ಅರ್ಧ ಗಂಟೆ ಮಾತ್ರ ನಿಮ್ಮ ಸ್ವಂತದ್ದು. ಅದನ್ನೂ ತಲೆ ತಗ್ಗಿಸಿ, ಊರಿನ ಸಾಲವನ್ನೂ ಮನೆಯೊಡತಿಯ ನಿನ್ನೆಯ ಬೈಗುಳವನ್ನೂ ಮೆಲುಕು ಹಾಕುತ್ತಾ ಕಳೆಯುತ್ತೀರಾ?

ನಾಳೆ ಹತ್ತು ನಿಮಿಷ ಮುಂಚೆ ಹೊರಡಿ. ಕಾಲಡಿಯ ಕಪ್ಪು ಕಲ್ಲುಗಳಿಗೆ ಅಲ್ಲಿಯವರು ಸಂಪಿಯೆತ್ರಿನಿ ಎನ್ನುತ್ತಾರೆ. ಸಂತ ಪೇತ್ರರಿಂದ ಬಂದ ಹೆಸರು. (ಮಳೆಯಲ್ಲಿ ಜಾರುತ್ತವೆ, ಜೋಕೆ!) ಬೀದಿಯಲ್ಲಿ ಸದಾ ಹರಿಯುವ ಕಬ್ಬಿಣದ ನಲ್ಲಿಗಳಿವೆ. ಕೊಳವೆಯ ಬಾಯಿಗೆ ಬೆರಳಿಟ್ಟರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ. ಕುಡಿಯಿರಿ, ಕಾಸಿಲ್ಲ. ಹಳೆಯ ಮನೆಗಳ ಮೂಲೆಯಲ್ಲಿ ಮಾತೆ ಮರಿಯಮ್ಮನವರ ಚಿತ್ರ ಕಾಣುತ್ತದೆ. ಬೀದಿದೀಪಗಳಿಲ್ಲದ ಕಾಲದಲ್ಲಿ ರಾತ್ರಿ ನಡೆಯುವವರಿಗೆ ಆ ಚಿತ್ರಗಳ ಮುಂದಿನ ದೀಪವೇ ಬೆಳಕು.

ಟೈಬರ್ ನದಿಯ ಸಾಂತಾಂಜೆಲೊ ಸೇತುವೆ ನಿಮ್ಮ ದಾರಿಯಲ್ಲಿದ್ದರೆ ನೀವು ಭಾಗ್ಯವಂತರು. ಇಲ್ಲದಿದ್ದರೆ ವಾರಕ್ಕೊಮ್ಮೆ ಬಳಸಿಕೊಂಡಾದರೂ ಹೋಗಿ. ಹಾಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 134ರಲ್ಲಿ, ಕಟ್ಟಿದ ಸೇತುವೆ ಅದು. 1450ರ ಜೂಬಿಲಿ ವರ್ಷದಲ್ಲಿ ನೂಕುನುಗ್ಗಲಾಗಿ ನೂರಕ್ಕೂ ಹೆಚ್ಚು ಯಾತ್ರಿಕರು ಅಲ್ಲಿ ಸತ್ತರು. ಈಗ ಅದು ಕಾಲ್ನಡಿಗೆಯವರಿಗೆ ಮಾತ್ರ. 17ನೇ ಶತಮಾನದಲ್ಲಿ ಶಿಲ್ಪಿ ಬೆರ್ನಿನಿಯ ಯೋಜನೆಯಂತೆ ಕೆತ್ತಿದ ಹತ್ತು ದೇವದೂತರು ಎರಡೂ ಬದಿಗೆ ನಿಂತಿದ್ದಾರೆ. ಒಬ್ಬರ ಕೈಯಲ್ಲಿ ಚಾಟಿ, ಒಬ್ಬರಲ್ಲಿ ಮುಳ್ಳಿನ ಕಿರೀಟ, ಇನ್ನು ಮೊಳೆ, ಸ್ಪಂಜು, ಈಟಿ. ಸೇತುವೆ ದಾಟುವುದೆಂದರೆ ಶಿಲುಬೆಯ ಹಾದಿಯಲ್ಲಿ ನಡೆದಂತೆಯೇ.

ಅವರಲ್ಲಿ ಒಬ್ಬ ದೇವದೂತ, ವೆರೋನಿಕಮ್ಮ ಯೇಸುಸ್ವಾಮಿಯ ಮುಖ ಒರೆಸಿದ ವಸ್ತ್ರವನ್ನು ಹಿಡಿದಿದ್ದಾನೆ. ಅವನ ಮುಂದೆ ಸ್ವಲ್ಪ ನಿಲ್ಲಿ. ಇನ್ನು ಕಾಲು ಗಂಟೆಯಲ್ಲಿ ನೀವೂ ಒದ್ದೆ ಬಟ್ಟೆ ಹಿಡಿದು, ನಿಮ್ಮ ಹೆಸರನ್ನೇ ಮರೆತು ಗದರಿಸುವ ಅಜ್ಜಿಯೊಬ್ಬರ ಮುಖ ಒರೆಸುವವರು.

ದಾರಿಯಲ್ಲಿ ಜಪಸರ ಮುಗಿಸಲೇಬೇಕೆಂಬ ಹಟ ಬೇಡ. ಸಂತ ಲೂಕರ ಶುಭಸಂದೇಶದ 24ನೇ ಅಧ್ಯಾಯದಲ್ಲಿ ಎಮ್ಮಾವು ಊರಿಗೆ ಹೊರಟ ಇಬ್ಬರು ಶಿಷ್ಯರು ಜಪಿಸುತ್ತಾ ನಡೆಯಲಿಲ್ಲ. ವ್ಯಥೆಯಿಂದ ಮಾತಾಡುತ್ತಾ ನಡೆದರು. ಪ್ರಭು ಅವರ ಜೊತೆಗೂಡಿದ್ದು ಆಗಲೇ. ಊರಲ್ಲಿ ಸಾಲವಿರುವಾಗ ನನಗೆಂಥ ಸಂತೋಷ ಎನ್ನಬೇಡಿ. ಬೆಳಗಿನ ಬಿಸಿಲಿನಲ್ಲಿ ಐದು ನಿಮಿಷ ನದಿ ನೋಡಿದರೆ ಸಾಲದ ಬಡ್ಡಿ ಏರುವುದಿಲ್ಲ.

ಊರಲ್ಲಿರುವ ತಂದೆತಾಯಿಯರಿಗೂ ಒಂದು ಕೆಲಸವಿದೆ. ಭಾನುವಾರ ಬಲಿಪೂಜೆ ಮುಗಿಸಿ ಬಂದು ಮಗಳಿಗೆ ಫೋನ್ ಮಾಡಿದಾಗ, ಹಣ ಕಳಿಸಿದೆಯಾ ಎನ್ನುವ ಮೊದಲು, ಈ ವಾರ ದಾರಿಯಲ್ಲಿ ಏನೇನು ನೋಡಿದೆಯಮ್ಮಾ ಎಂದು ಕೇಳಿ.